ಗುಮ್ಮಟದ ಹಿಂದಿನ ಮಣ್ಣು

ಹಳೆಯ ಸ್ಮಶಾನದಲ್ಲಿ ಹಡಗಿನ ಸಾಹುಕಾರರ ಮನೆತನದ್ದೊಂದು ಗೋರಿಮಂಟಪವಿತ್ತು. ಉದ್ದಗೀರುಗಳ ಆರು ಕಂಬಗಳು, ಅವುಗಳ ನೆತ್ತಿಯಲ್ಲಿ ಸುರುಳಿ ಎಲೆಗಳ ಬೋದಿಗೆ, ಮೇಲೊಂದು ಗುಮ್ಮಟ. ಕಲ್ಲುಕೆಲಸದ ಮೇಸ್ತ್ರಿ ಮೂವತ್ತು ವರ್ಷ ಅದನ್ನು ಕಣ್ರೆಪ್ಪೆಯಂತೆ ಕಾಪಾಡಿದ್ದ. ಮುರಿದ ಒಂದೇ ಒಂದು ಎಲೆಯನ್ನು ಹೊಸದಾಗಿ ಕೆತ್ತಿ ಕೂರಿಸಲು ತಿಂಗಳುಗಟ್ಟಲೆ ತೇಯುತ್ತಿದ್ದ. ಒಬ್ಬಳೇ ಸವತಿಯಾಗಿದ್ದರೆ ಜಗಳವಾಡಬಹುದಿತ್ತು, ಆರು ಜನರ ಜೊತೆ ಏಗುವುದು ಹೇಗೆ ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ಅವರ ಒಂಬತ್ತು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಾಗ ಮಂಟಪದ ಹಿಂದಿನ ಬಡವರ ನೆಲದಲ್ಲೇ ಮಣ್ಣು ಮಾಡಿದ್ದರು. ಅಲ್ಲಿ ಯಾರ ತಲೆಗೂ ಕಲ್ಲಿಲ್ಲ. ಹಿಂದಿನ ನಡುಗಂಬದಿಂದ ನೇರಕ್ಕೆ ನಾಲ್ಕು ಹೆಜ್ಜೆ, ಅಷ್ಟೇ ಗುರುತು.

ಅದಾಗಿ ಇಪ್ಪತ್ತು ವರ್ಷದ ಮೇಲೆ ಹಿಂದಿನ ಕಂಬಗಳು ವಾಲತೊಡಗಿದವು. ಎಂಜಿನಿಯರಮ್ಮ ಬಂದು, ಹಿಂಭಾಗವನ್ನು ಅಗೆದು ತಳಪಾಯ ಬಿಗಿ ಮಾಡದಿದ್ದರೆ ಗುಮ್ಮಟ ನೆಲ ಕಚ್ಚುತ್ತದೆ ಎಂದರು. ದಾಖಲೆಯಲ್ಲಿ ಅಲ್ಲಿ ಗೋರಿಗಳಿಲ್ಲ ಎಂದೂ ಸೇರಿಸಿದರು.

ಮೇಸ್ತ್ರಿ ನಡುಗಂಬದ ಹಿಂದಿನ ನೆಲದತ್ತ ಕೈ ತೋರಿಸಿದ. "ಇದೆ ಮೇಡಂ. ನನ್ನ ಮಗಳಿದ್ದಾಳೆ ಅಲ್ಲಿ."

ಬೇರೆ ದಾರಿಯಿಲ್ಲ, ಮಗುವನ್ನು ಮರ್ಯಾದೆಯಿಂದ ಬೇರೆಡೆಗೆ ಒಯ್ಯೋಣ ಎಂದು ಆಕೆ ಮೆಲ್ಲಗೆ ಹೇಳಿದರು.

ಮೇಸ್ತ್ರಿ ಆಳುಗಳನ್ನೆಲ್ಲ ದೂರ ಕಳಿಸಿ ತಾನೇ ಗುದ್ದಲಿ ಹಿಡಿದ. ಹೆಂಡತಿ ಮಡಿಲಲ್ಲಿ ಹೊಸ ಬಟ್ಟೆ ಇಟ್ಟುಕೊಂಡು ಅಂಚಿನಲ್ಲಿ ಕುಳಿತಳು. ಸೊಂಟದಾಳ ಅಗೆದಾಗ ಒಂದು ಹಳೆಯ ನೀರಿನ ಕೊಳವೆ ಸಿಕ್ಕಿತು. ಯಾವಾಗಲೋ, ಯಾರೋ, ಯಾರನ್ನೂ ಕೇಳದೆ ಹೂತದ್ದು. ಆಗ ಅಗೆದವರು ಸಿಕ್ಕ ಎಲುಬುಗಳನ್ನು ಅದರ ಪಕ್ಕದಲ್ಲೇ ಗುಡ್ಡೆ ಮಾಡಿ ಮಣ್ಣೆಳೆದಿದ್ದರು. ದೊಡ್ಡವರವು, ಚಿಕ್ಕವರವು, ಎಲ್ಲ ಒಂದರೊಳಗೊಂದು. ಮಕ್ಕಳ ತಲೆಬುರುಡೆಗಳೇ ಮೂರು.

ಹೆಂಡತಿ ಬಗ್ಗಿ ನೋಡಿದಳು. "ಇದರಲ್ಲಿ ನಮ್ಮವಳು ಯಾವುದು ರೀ?"

ಕಲ್ಲಿನ ಕೂದಲೆಳೆಯಷ್ಟು ಬಿರುಕನ್ನೂ ಬೆರಳಲ್ಲೇ ಗುರುತಿಸುತ್ತಿದ್ದವನು ಮೂರನ್ನೂ ಒಂದೊಂದಾಗಿ ಕೈಗೆತ್ತಿಕೊಂಡ, ಸವರಿದ, ಮತ್ತೆ ಇಟ್ಟ. ಏನೂ ತಿಳಿಯಲಿಲ್ಲ.

ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಗೋಡೆಯ ಬದಿಗೆ ಹೂತರು. ಹೆಸರು ಬರೆಸೋಣವೇ ಎಂದು ಎಂಜಿನಿಯರಮ್ಮ ಕೇಳಿದಾಗ ಹೆಂಡತಿ ಬೇಡವೆಂದಳು. ಮಗಳು ಅದರಲ್ಲಿ ಇದ್ದಾಳೋ ಇಲ್ಲವೋ. ಹೊಸ ಬಟ್ಟೆ ತಾಯಿಯ ಮಡಿಲಲ್ಲೇ ಮನೆಗೆ ವಾಪಸಾಯಿತು.

ಗುಂಡಿಗೆ ಕಾಂಕ್ರೀಟು ಬಿತ್ತು, ಕಂಬಗಳು ನೆಟ್ಟಗಾದವು. ನೋಡಲು ಬಂದವರು ಹೊಗಳಿದ್ದೇ ಹೊಗಳಿದ್ದು. ಮೇಸ್ತ್ರಿ ಮಾತ್ರ, ಕಣ್ಣು ಮಂಜಾಗಿದೆ, ಇನ್ನು ಕೆಲಸ ಆಗೋದಿಲ್ಲ ಎಂದು ಹೇಳಿ ಉಳಿ ಸುತ್ತಿಗೆಗಳನ್ನು ಸ್ಮಶಾನದ ಕಚೇರಿಯ ಮೇಜಿನ ಮೇಲಿಟ್ಟು ಹೊರಟುಹೋದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ.