ನಲ್ಲಿ ಮುಚ್ಚಿದ ದಿನ

ನಮ್ಮೂರಿಗೆ ಅಗಲ ರಸ್ತೆ ಬಂತು, ರೈಲಿನ ಹೊಸ ಹಳಿ ಬಂತು, ಕತ್ತೆತ್ತಿ ನೋಡುವಷ್ಟು ಎತ್ತರದ ಕರೆಂಟ್ ಕಂಬಗಳೂ ಬಂದವು. ಇಷ್ಟೆಲ್ಲ ಯಾರಿಗಾಗಿ ಬಂತೋ ಆ ಕಂಪನಿಗಳು ಮಾತ್ರ ಬರಲಿಲ್ಲ. ನನಗೇನೋ ಒಳ್ಳೆಯದೇ ಆಯಿತು. ಆಸ್ಪತ್ರೆಯ ಬಟ್ಟೆ ಒಗೆಯುವುದು ನನ್ನ ಕಸುಬು. ಖಾಲಿ ರಸ್ತೆಯ ಅಂಚಿನ ಕಂಬಿಗಳ ಮೇಲೆ ಬೆಳಗ್ಗೆ ಹರವಿದ ಹೊದಿಕೆಗಳು ಮಧ್ಯಾಹ್ನದೊಳಗೆ ಗರಿಗರಿ ಒಣಗುತ್ತಿದ್ದವು. "ನಿನ್ನ ಬಟ್ಟೆ ಒಣಗ್ಲಿ ಅಂತಾನೇ ಸರ್ಕಾರ ರಸ್ತೆ ಹಾಕ್ಸಿರೋದು ಕಣೆ" ಎಂದು ಎದುರುಮನೆಯ ಅಜ್ಜಿ ರೇಗಿಸುತ್ತಿದ್ದಳು. ಊರ ಸುದ್ದಿಯೆಲ್ಲ ಅವಳ ಬಾಯಲ್ಲೇ ಇರುವುದರಿಂದ ಅವಳಿಗೆ ರೇಡಿಯೋ ಅಜ್ಜಿ ಅಂತಲೇ ಹೆಸರು.

ಕೊನೆಗೊಂದು ಕಾಗದದ ಕಾರ್ಖಾನೆಯವರು ಬರುತ್ತಾರೆಂದು ಗುಲ್ಲೆದ್ದಿತು. ಆ ಸುದ್ದಿಯನ್ನು ನನಗೆ ಮೊದಲು ತಂದವನು ನನ್ನ ಮೈದುನ. ಅವನಣ್ಣ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಒಗೆದು ಒಗೆದು ಬೆರಳು ಬಿರಿದ ಈ ಕೈಯಲ್ಲೇ ಉಣ್ಣಿಸಿ ಬೆಳೆಸಿದ್ದೇನೆ. ಈಗ ನೀರಿನ ಕಚೇರಿಯಲ್ಲಿ ವಾಲ್ವ್ ತಿರುಗಿಸುವ ಕೆಲಸ, ಅದೂ ಹಂಗಾಮಿ. ಕೆಲಸ ಕಾಯಂ ಆಗದೆ ಹುಡುಗಿ ಕೊಡುವುದಿಲ್ಲ ಎಂದು ಅವನು ಮೆಚ್ಚಿದವಳ ತಂದೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

"ಅತ್ತಿಗೆ, ಕಾರ್ಖಾನೆಯೋರು ನೀರಿನ ರಭಸ ನೋಡೋಕೆ ಬರ್ತಾರೆ. ಊರಲ್ಲಿ ನಲ್ಲಿ ಬಿಟ್ಟಿದ್ರೆ ಕಾರ್ಖಾನೆ ಜಾಗದಲ್ಲಿ ನೀರು ಮೂತ್ರ ಹೊಯ್ದಂಗೆ ಬರುತ್ತೆ. ಒಂದೇ ಒಂದು ದಿನ ಎಲ್ರೂ ಮುಚ್ಚಿಟ್ಕೊಂಡ್ರೆ ಸಾಕು."

"ನೀನೇ ವಾಲ್ವ್ ಮುಚ್ಚೋ. ನಮ್ಮನ್ಯಾಕೆ ಕೇಳ್ತೀಯ?"

"ಅವರ ಕಡೆಯೋನೊಬ್ಬ ವಾಲ್ವ್ ಹತ್ರಾನೇ ನಿಂತಿರ್ತಾನಂತೆ. ವಾಲ್ವ್ ತೆರೆದೇ ಇರ್ಬೇಕು, ನಲ್ಲಿ ಮುಚ್ಚಿರ್ಬೇಕು. ಊರನ್ನ ಒಪ್ಪಿಸಿದ್ರೆ ನನ್ನ ಕಾಯಂ ಮಾಡ್ತೀನಿ ಅಂತ ನಮ್ಮ ಕಚೇರಿ ಇಂಜಿನಿಯರ್ ಸಾಹೇಬ್ರು ಮಾತು ಕೊಟ್ಟಿದಾರೆ."

"ಹಾಳಾಗೋಗ್ಲಿ, ಒಂದು ದಿನ ತಾನೇ!" ಎಂದೆ. ಅವನ ಮುಖ ಅರಳಿದ್ದು ನೋಡಿ ನನಗೂ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಅವನ ಜೊತೆ ಮನೆಮನೆಗೂ ಹೋಗಿ ಕೈಕಾಲು ಹಿಡಿದೆ. ಊರಿಗೆ ಕೆಲಸ ಬರುತ್ತದೆ, ಮಕ್ಕಳು ಇಲ್ಲೇ ದುಡಿಯುತ್ತಾರೆ ಎಂದು ಭಾಷಣವನ್ನೂ ಬಿಗಿದೆ.

ಆ ದಿನ ಊರೆಲ್ಲ ಉಸಿರು ಬಿಗಿಹಿಡಿದಿತ್ತು. ಹಿಂದಿನ ದಿನವೇ ತುಂಬಿಟ್ಟ ಬಕೆಟ್ಟು ಬಿಂದಿಗೆಗಳಲ್ಲೇ ಎಲ್ಲರ ಕೆಲಸವೂ ನಡೆಯಿತು. ಬಟ್ಟೆ ಒಗೆಯುವ ನನ್ನ ಎರಡೂ ಯಂತ್ರಗಳು ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದ್ದವು. ರೇಡಿಯೋ ಅಜ್ಜಿ ಮಾತ್ರ ನಲ್ಲಿ ಬಿಟ್ಟುಕೊಂಡು ಆರಾಮವಾಗಿ ಪಾತ್ರೆ ತಿಕ್ಕುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಒಳಗೆ ನುಗ್ಗಿ ನಲ್ಲಿಯನ್ನು ತಿರುಪಿ ಮುಚ್ಚಿದೆ.

"ನನ್ನ ನೀರು, ನನ್ನ ಪಾತ್ರೆ, ನಿನಗೇನೇ?" ಎಂದು ಅವಳು ಕೂಗಿದಳು.

"ಊರು ಉದ್ಧಾರ ಆಗೋದು ನಿನಗೆ ಬೇಡ್ವಾ ಅಜ್ಜಿ?"

"ಉದ್ಧಾರ ಆಗೋರು ಪಾತ್ರೆ ತೊಳೀಬಾರ್ದಾ?"

ಸಂಜೆ ಮೈದುನ ಕುಣಿಯುತ್ತಲೇ ಬಂದ. ಕಾರ್ಖಾನೆಯ ಜಾಗದಲ್ಲಿ ನೀರು ಆಳೆತ್ತರ ಚಿಮ್ಮಿತಂತೆ, ಬಂದವರು ತಲೆದೂಗಿದರಂತೆ. ಇಂಜಿನಿಯರು ಮಾತು ಉಳಿಸಿಕೊಂಡರು. ಮೈದುನ ಕಾಯಂ ಆದ, ಮದುವೆಯೂ ಆಯಿತು. ಕಾರ್ಖಾನೆ ಎದ್ದಿತು. ರಸ್ತೆಯ ತುಂಬ ಲಾರಿಗಳು ಓಡಾಡತೊಡಗಿದ ಮೇಲೆ ಕಂಬಿಗಳ ಮೇಲೆ ಹರವಿದ ಬಟ್ಟೆ ಒಣಗುವ ಮೊದಲೇ ಮಸಿಯಾಗುತ್ತಿತ್ತು. ಹೋಗಲಿ ಎಂದು ಹಿತ್ತಲಲ್ಲಿ ಹಗ್ಗ ಕಟ್ಟಿಕೊಂಡೆ.

ಕಾರ್ಖಾನೆ ಶುರುವಾದ ವಾರದಿಂದ ನಲ್ಲಿ ಸೊರಗಿತು. ಬೆಳಗ್ಗೆ ನಾಲ್ಕು ಬಕೆಟ್ ತುಂಬುವಷ್ಟರಲ್ಲಿ ಗೊರಗೊರ ಸದ್ದು ಮಾಡಿ ನಿಂತುಬಿಡುವುದು. ಅಷ್ಟರಲ್ಲಿ ಮನೆ ನಡೆಯಬಹುದು, ಯಂತ್ರ ನಡೆಯುವುದಿಲ್ಲ. ಆಸ್ಪತ್ರೆಯವರು ಬಟ್ಟೆಯನ್ನು ಬಾವಿನೀರಿನಲ್ಲಿ ಒಗೆಯಲು ಬಿಡುವುದಿಲ್ಲ, ದಿನಗಟ್ಟಲೆ ತಡವಾದರೆ ಕೇಳುವುದಿಲ್ಲ. ರಕ್ತದ ಕಲೆಯ ಹೊದಿಕೆಗಳು ಮೂಲೆಯಲ್ಲಿ ಗುಡ್ಡೆ ಬಿದ್ದು ವಾಸನೆ ಹಿಡಿದವು. ನನ್ನ ಅನ್ನಕ್ಕೇ ಕುತ್ತು ಬಂತು.

ನೀರಿನ ಕಚೇರಿಗೆ ಹೋದೆ. ಇಂಜಿನಿಯರು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ಆವತ್ತು ಕಾರ್ಖಾನೆಯೋರ ಎದುರಿಗೇ ಊರಿನ ನೀರಿನ ಮೀಟರ್ ನೋಡಿದ್ವಲ್ಲಮ್ಮ. ಊರು ಆ ದಿನ ಎಷ್ಟು ನೀರು ತಗೊಂಡಿತ್ತೋ ಅದರ ಮೇಲೆ ಒಂಚೂರು ಸೇರಿಸಿ ಊರಿಗೆ, ಮಿಕ್ಕಿದ್ದೆಲ್ಲ ಕಾರ್ಖಾನೆಗೆ. ಒಪ್ಪಂದ ಹಾಗಾಗಿದೆ."

"ಆವತ್ತು ನಲ್ಲಿ ಮುಚ್ಚಿಸಿದ್ದು ನೀವೇ ಅಲ್ವಾ ಸಾರ್?"

"ನಾನೆಲ್ಲಿ ಮುಚ್ಚಿಸಿದೆ? ವಾಲ್ವ್ ತೆರೆದೇ ಇತ್ತು. ಅವರ ಕಡೆಯೋನೇ ನೋಡಿದಾನೆ."

ಬಾಗಿಲ ಹತ್ತಿರ ಮೈದುನ ನಿಂತಿದ್ದ. ವಾಲ್ವ್ ತಿರುಗಿಸುವ ಉದ್ದನೆಯ ಚಾವಿ ಅವನ ಕೈಯಲ್ಲಿತ್ತು. ಅವನ ಕಣ್ಣು ನೆಲದ ಮೇಲೇ ಇತ್ತು. ಅವನನ್ನು ದಾಟಿಕೊಂಡು ಹೊರಗೆ ಬಂದೆ.

ಮರುದಿನ ಆಸ್ಪತ್ರೆಯ ವ್ಯಾನು ಬಂದು ಒಗೆಯದ ಗಂಟುಗಳನ್ನೆಲ್ಲ ಹೊತ್ತುಕೊಂಡು ಹೋಯಿತು. ಇನ್ನು ಬರುವುದಿಲ್ಲ ಎಂದು ಚಾಲಕ ಮೆಲ್ಲಗೆ ಹೇಳಿದ. ಎದುರು ಬಾಗಿಲಲ್ಲಿ ರೇಡಿಯೋ ಅಜ್ಜಿ ನಿಂತಿದ್ದಳು. ಏನಾದರೂ ಚುಚ್ಚುತ್ತಾಳೆಂದು ಕಾದೆ. ಅವಳು ಸುಮ್ಮನೆ ಒಳಗೆ ಹೋದಳು. ಬೈದಿದ್ದರೇ ವಾಸಿಯಿತ್ತು.

ವ್ಯಾನು ಹೋದ ಮೇಲೆ ಮೈದುನ ಬಂದ. ಹೊಸ್ತಿಲು ದಾಟದೆ ಅಲ್ಲೇ ಕುಕ್ಕರಿಸಿದ.

"ಅತ್ತಿಗೆ, ವ್ಯಾನನ್ನ ವಾಪಸ್ ಕರೆಸು. ದಿನಾ ಮಧ್ಯಾಹ್ನ ಸಾಹೇಬ್ರು ಊಟಕ್ಕೆ ಹೋದಾಗ ನಮ್ಮ ಬೀದಿ ವಾಲ್ವ್ ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾದ್ರೆ?"

ಅವನ ಹೆಂಡತಿ ಬಸುರಿ. ಬಿಡೋ, ಇವತ್ತಿಂದಲೇ ಬಿಡೋ ಎನ್ನಲು ನಾಲಿಗೆಯ ತುದಿಯವರೆಗೂ ಬಂದಿತ್ತು. ನಿನ್ನಿಂದಲೇ ಹಾಳಾದೆ ಅನ್ನೋಣ ಎಂದೂ ಅನ್ನಿಸಿತು.

"ಬೇಡ" ಎಂದೆ. "ನಿನ್ನ ಕೆಲಸಕ್ಕೋಸ್ಕರ ಊರೆಲ್ಲ ನಲ್ಲಿ ಮುಚ್ತು. ಅದೊಂದಾದ್ರೂ ಉಳೀಲಿ."

ಅವನು ಮುಖ ಮುಚ್ಚಿಕೊಂಡು ಅತ್ತ. ನಾನು ಸಮಾಧಾನ ಮಾಡಲಿಲ್ಲ. ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟೆ. ಅರ್ಧ ಕುಡಿದು, ಉಳಿದರ್ಧವನ್ನು ಚೆಲ್ಲದೆ ಎರಡೂ ಕೈಯಲ್ಲಿ ಹಿಡಿದು ನನಗೇ ವಾಪಸ್ ಕೊಟ್ಟ.