ಹಾಲಂಚಿನ ಹೂವಿನ ಬೀಜ

ಗಿಲಗಿಲ ಅಂದಿತಲ್ಲ, ಒಳಗೆ ಏನೋ ಸಡಿಲಾಗಿದೆ, ಸ್ಕ್ರೂ ಇರಬೇಕು — ಮೀಸೆ ಮಾಸ್ತರು ಅಲಾರಂ ಗಡಿಯಾರವನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾರೆ, ಕೇಳಿಸ್ತಾ, ಕೇಳಿಸ್ತು ಸಾರ್, ಆದರೆ ಅವಳಿಗೆ ಕೇಳಿಸಿದ್ದು ಸ್ಕ್ರೂ ಅಲ್ಲ, ಹಿತ್ತಲಿನ ಗಸಗಸೆ ಹೂವಿನ ಕಾಯಿ, ಬೆಳಿಗ್ಗೆ ಬೆರಳಿನಿಂದ ಮೀಟಿದಾಗ ಅದೂ ಹೀಗೇ, ಇಷ್ಟೇ ಸಣ್ಣಗೆ ಸದ್ದು ಮಾಡಿತ್ತು, ಇನ್ನೊಂದು ದಿನ ಒಣಗಲಿ ಅಂತ ಬಿಟ್ಟು ಬಂದಿದ್ದಳು, ಎಂಥ ದಡ್ಡಿ, ಈಗ ನೋಡಿದರೆ ಗಡಿಯಾರ ರಿಪೇರಿ ಅಂಗಡಿಯ ತಗಡು ದಡದಡ ಬಡಿದುಕೊಳ್ಳುತ್ತಿದೆ, ಬೀದಿಯ ಕಾಗದದ ಚೂರುಗಳೆಲ್ಲ ಎದ್ದು ಕುಣಿಯುತ್ತಿವೆ, ಗಾಳಿ, ಇವತ್ತೇ ಬರಬೇಕಾ ಗಾಳಿ, ಆ ಕಾಯಿಯ ಟೋಪಿಯ ಕೆಳಗೆ ಸುತ್ತಲೂ ಪುಟ್ಟ ಪುಟ್ಟ ಕಿಂಡಿಗಳಿರುತ್ತವೆ, ಬಲಿತ ಮೇಲೆ ತಾವಾಗೇ ತೆರೆದುಕೊಳ್ಳುತ್ತವೆ, ದೇಟು ಒಂದು ಸಲ ಬಾಗಿದರೆ ಸಾಕು, ಉಪ್ಪಿನ ಡಬ್ಬಿ ಕೊಡವಿದ ಹಾಗೆ ಬೀಜವೆಲ್ಲ ಮಣ್ಣುಪಾಲು, ಮತ್ತೆ ಹುಡುಕುವವರು ಯಾರು, ಗಡಿಯಾರದ ಅತಿ ಸಣ್ಣ ಸ್ಕ್ರೂಗಿಂತ ಸಣ್ಣ ಬೀಜ. ಸಾರ್, ಇದು ನಾಳೆ ಆಗುತ್ತೆ. ನಾಳೆಯಾ, ಅಲಾರಂ ಇಲ್ಲದೆ ನಾನು ಏಳೋದು ಹೇಗಮ್ಮಾ. ಪಕ್ಕದ ಮನೆಯವರಿಗೆ ಹೇಳಿ ಸಾರ್ — ಹಾಗಂದೇಬಿಟ್ಟಳು, ಅಪ್ಪ ಇದ್ದಿದ್ದರೆ ಗಿರಾಕಿಗೆ ಹೀಗೆ ಹೇಳುತ್ತಿದ್ದನೇ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯುವುದನ್ನೂ ಮರೆತು ಶಟರ್ ಎಳೆದಳು, ಬಿಡಿಭಾಗ ಹಾಕಿಡುವ ಕಂದು ಲಕೋಟೆಗಳ ಕಟ್ಟಿನಿಂದ ನಾಲ್ಕನ್ನು ಜೇಬಿಗೆ ತುರುಕಿಕೊಂಡಳು, ಒಂದು ಸಾಕು, ಇರೋದು ಒಂದೇ ಕಾಯಿ, ಆದರೂ ನಾಲ್ಕಿರಲಿ.

ನಡೆಯುತ್ತಿದ್ದಾಳೋ ಓಡುತ್ತಿದ್ದಾಳೋ, ಐವತ್ತೆರಡು ವರ್ಷದ ಹೆಂಗಸು ಬೀದಿಯಲ್ಲಿ ಓಡಿದರೆ ಜನ ಏನಂದುಕೊಳ್ಳುತ್ತಾರೆ, ಅಂದುಕೊಳ್ಳಲಿ, ಬೇಕರಿಯವನು ಕೇಳಿದ, ಏನಕ್ಕಾ, ಪಾಪಿಗಳು ಹೇಗಿದ್ದಾರೆ, ಗಸಗಸೆ ಹೂವಿಗೆ ಇಂಗ್ಲಿಷಿನಲ್ಲಿ ಪಾಪಿ ಅಂತಾರೆ ಅಂತ ಗೊತ್ತಾದ ದಿನದಿಂದ ಅವನದು ಇದೇ ಹಾಸ್ಯ, ಒಬ್ಬಳೇ ಪಾಪಿ ಕಣಪ್ಪಾ, ನಿನ್ನೆದುರಿಗೇ ಓಡ್ತಿದ್ದಾಳೆ ನೋಡು — ಅಂದಳಾ, ಇಲ್ಲ, ಮನಸ್ಸಿನಲ್ಲೇ ಅಂದುಕೊಂಡಳು, ನಿಜ ತಾನೇ, ಕದ್ದ ಬೀಜ ಅದು, ಅಕ್ಕನ ತೋಟದ್ದು, ಅಕ್ಕನದೂ ಅಲ್ಲ, ಅಮ್ಮನದು, ಕಡುಕೆಂಪು, ಕಪ್ಪೇ ಅನ್ನಬೇಕು ಅಷ್ಟು ಕೆಂಪು, ಎಸಳಿನ ತುದಿಗೆ ಮಾತ್ರ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬಿಳಿ ಅಂಚು, ಒಂದು ಚಿಟಿಕೆ ಕೊಡೇ ಅಂತ ಕೇಳಿದಾಗ ಅಕ್ಕ ಅಂದಳು, ಅಪ್ಪ ಅಂಗಡಿ ನಿಂಗೆ ಬಿಟ್ಟ, ಅಮ್ಮ ಈ ಹೂ ನಂಗೆ ಬಿಟ್ಟಳು, ಅದೂ ಬೇಕಾ ನಿಂಗೆ. ಅಷ್ಟಂದು ಟೀ ಮಾಡೋಕೆ ಒಳಗೆ ಹೋದಳು, ಟೀ ಕುದಿಯುವಷ್ಟರಲ್ಲಿ ಬೇಲಿ ಪಕ್ಕದ ಕಾಯಿ ಇವಳ ಕರ್ಚೀಫಿನ ಗಂಟಿನಲ್ಲಿತ್ತು, ಮೂರು ವರ್ಷದ ಹಿಂದಿನ ಮಾತು, ಆ ಟೀಯ ರುಚಿ ಇವತ್ತಿಗೂ ನೆನಪಿಲ್ಲ. ಮೊದಲ ವರ್ಷ ಬಿತ್ತಿದರೆ ಬಂದದ್ದು ಬರೀ ಕೆಂಪು, ಎರಡನೆಯ ವರ್ಷ ಒಗೆದೊಗೆದು ಬಣ್ಣ ಹೋದ ಬಟ್ಟೆಯಂಥ ಗುಲಾಬಿ, ಜೇನ್ನೊಣಗಳು ಯಾವ ಯಾವ ಹೂವಿನ ಪುಡಿ ತಂದು ಬೆರೆಸಿದ್ದವೋ, ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತ ಕೈಚೆಲ್ಲಿದ್ದಳು, ಈ ವರ್ಷ ಅರಳಿತು, ಒಂದೇ ಒಂದು, ಹಾಲಂಚಿನದು, ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದವಳು ಬ್ರಷ್ ಬಾಯಲ್ಲೇ ಇಟ್ಟುಕೊಂಡು ಕೂತುಬಿಟ್ಟಿದ್ದಳು, ದೇಟಿಗೆ ಕೆಂಪು ದಾರ ಕಟ್ಟಿದಳು, ನೊಣ ಕೂರದ ಹಾಗೆ ಪರದೆಬಟ್ಟೆ ಮುಚ್ಚಿದಳು, ಎಸಳು ಉದುರಿದ ಮೇಲೆ ಕಾಯಿ ಒಣಗಲಿ ಅಂತ ಪರದೆ ತೆಗೆದಳು. ಅಷ್ಟರಲ್ಲಿ ಅಕ್ಕನ ತೋಟವನ್ನು ಚರಂಡಿ ಪೈಪಿಗೆ ಅಗೆದು ಹಾಕಿದ್ದರು, ಅವಳು ಡಬ್ಬಿಯಲ್ಲಿಟ್ಟ ಬೀಜಕ್ಕೆ ತೇವ ಸೇರಿ ಬೂಷ್ಟು ಹಿಡಿದಿತ್ತು, ಫೋನಿನಲ್ಲಿ ಅಕ್ಕ, ಹೋಯಿತು ಬಿಡು, ಹೂ ತಾನೇ, ಅಂದಳು, ಅಂದವಳೇ ಫೋನಿಟ್ಟಳು. ನಿನ್ನೆ ಇವಳೇ ಕರೆದಳು, ನಾಳೆ ಬಾ, ನಾಲ್ಕರ ಬಸ್ಸಿಗೆ, ಒಂದು ವಿಷಯ ಹೇಳೋದಿದೆ. ಹೇಳೋದು ಹೇಗೆ, ಕದ್ದೆ ಅಂತಲೇ ಶುರು ಮಾಡೋದಾ, ಬೀಜ ಕೈಗಿಟ್ಟು ಆಮೇಲೆ ಹೇಳೋದಾ, ಮೊದಲು ಬೀಜ ಉಳಿದಿರಲಿ, ಗಾಳಿಯಪ್ಪಾ, ಸ್ವಲ್ಪ ತಡಿ.

ಗೇಟು ತೆರೆದೇ ಇದೆ. ಮೂರೂ ಆಗಿಲ್ಲ, ಬಾಗಿಲಲ್ಲಿ ಅಕ್ಕನ ಚಪ್ಪಲಿ, ಹೇಳಿದ ಹೊತ್ತಿಗೆ ಒಂದು ಗಂಟೆ ಮುಂಚೆ ಬರದಿದ್ದರೆ ಅವಳು ಅಕ್ಕನೇ ಅಲ್ಲ, ಹಿತ್ತಲಿಗೆ ಹೋದರೆ ಅಕ್ಕ ಗಿಡದ ಮುಂದೆ ಮಂಡಿಯೂರಿ ಕೂತಿದ್ದಾಳೆ, ಬಲಗೈಯಲ್ಲಿ ದೇಟು ಬಾಗಿಸಿ ಹಿಡಿದಿದ್ದಾಳೆ, ಎಡಗೈ ಕೆಳಗೆ, ಅಂಗೈ ತೆರೆದಿದೆ, ಕಪ್ಪಗೆ ಸಣ್ಣಗೆ ಉದುರುತ್ತಿದೆ. ಅಕ್ಕಾ, ಅದು — ಗೊತ್ತು, ಅಂದಳು ಅಕ್ಕ, ತಿರುಗಿ ನೋಡದೆ, ಅಮ್ಮನ ಹೂವಿನ ಈ ಚಪ್ಪಟೆ ಟೋಪಿ ನಂಗೆ ಗೊತ್ತಾಗಲ್ವಾ, ಗಾಳಿಗೆ ಚೆಲ್ಲೋ ಹಾಗಿತ್ತು, ಕೈ ಒಡ್ಡಿದೆ. ನಾನು ಕದ್ದೆ ಅಕ್ಕಾ, ಅವತ್ತು ನೀನು ಟೀ ಮಾಡೋಕೆ ಹೋದಾಗ. ಅಡಿಗೆಮನೆ ಕಿಟಕಿ ಯಾವ ಕಡೆ ಇದೆ ಹೇಳು, ಅಂದಳು ಅಕ್ಕ, ಕರ್ಚೀಫಿಗೆ ಗಂಟು ಹಾಕ್ತಿದ್ದದ್ದು ಚೆನ್ನಾಗಿ ಕಾಣ್ತಿತ್ತು ಕಣೇ, ಟೀ ಇನ್ನೂ ಸ್ವಲ್ಪ ಕುದೀಲಿ ಅಂತ ನಿಂತೆ, ಕೊಡೋಕೆ ಮನಸ್ಸು ಬರಲಿಲ್ಲ, ತಗೋಬೇಡ ಅನ್ನೋಕೂ ಬರಲಿಲ್ಲ. ಮೂರು ವರ್ಷ ಇವಳು ಹೊತ್ತು ತಿರುಗಿದ ಗುಟ್ಟು ಅಕ್ಕನಿಗೂ ಗೊತ್ತಿತ್ತು, ನಗು ಬರುತ್ತಿದೆಯೋ ಅಳುವೋ ತಿಳಿಯದೆ ಜೇಬಿನಿಂದ ಲಕೋಟೆ ತೆಗೆದಳು, ತೆಗೆದು ಸುಮ್ಮನೆ ನಿಂತಿದ್ದೀಯಲ್ಲ, ಹಿಡಿ, ಅಂದಳು ಅಕ್ಕ, ಇವಳು ಲಕೋಟೆಯ ಬಾಯಿ ತೆರೆದು ಬಗ್ಗಿದಳು, ಗಾಳಿ ಮತ್ತೆ ಬೇಲಿ ದಾಟಿ ಬರುತ್ತಿದೆ, ಅಕ್ಕ ಬೆರಳುಗಳನ್ನು ದೋಣಿಯಂತೆ ಮಡಚಿದಳು, ಇವಳು ತನ್ನ ಕೈಯನ್ನು ಅದರ ಮೇಲೆ ಮುಚ್ಚಿ ಹಿಡಿದಳು, ಕಣ್ಣಿನ ಭೂತಗನ್ನಡಿಯಲ್ಲಿ ಎಲ್ಲ ಹತ್ತರಷ್ಟು, ಅಂಗೈ, ಅದರ ಗೆರೆಗಳ ತುಂಬ ಕಪ್ಪು ಕಾಳು, ಉಸಿರಾಡಬೇಡ, ಅಂದಳು ಅಕ್ಕ, ಇಬ್ಬರೂ ಉಸಿರಾಡಲಿಲ್ಲ, ಅಂಗೈ, ಗೆರೆ, ಕಾಳು, ಒಂದೊಂದೂ ಹೊಳೆಯುತ್ತ, ಅಂಗೈ —