ಜೋಳಕ್ಕೊಂದು ನೌಕರಿ

ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ ವಿಭೂತಿ ಹಚ್ಚುತ್ತಿರುವಾಗಲೇ ಸರ್ಕಾರಿ ದವಾಖಾನೆಯ ಮುನ್ಷಿ ಬುರ್ಹಾನುದ್ದೀನ್ ಏದುಸಿರು ಬಿಡುತ್ತ ಗಾಜಿಪುರದ ಆ ಓಣಿಗೆ ಬಂದ. ಸತ್ತ ಅಮೋಘಪ್ಪ ಆ ದವಾಖಾನೆಯ ಅಡುಗೆಯವನು.

“ಚಂದಮ್ಮಾ, ತಪ್ಪು ತಿಳೀಬ್ಯಾಡ. ಇವತ್ತು ದವಾಖಾನ್ಯಾಗ ರೊಟ್ಟಿ ಬಡಿಯೋರು ಯಾರೂ ಇಲ್ಲ. ಗುತ್ತೇದಾರ ಮಾಣಿಕಪ್ಪ ಅಕ್ಕಿ ಚೀಲ ಹೊತ್ತು ಬಾಗಿಲದಾಗೇ ನಿಂತಾನ. ಒಮ್ಮೆ ಅಕ್ಕಿ ಒಳಗ ಬಂತಂದ್ರ ಜೋಳ ಹೊರಗ. ಕ್ಯಾ ಕರೂ, ಏನ್ ಮಾಡ್ಲಿ?”

ಗಂಡನ ಮುಂದೆ ಕೂತಿದ್ದ ಚಂದಮ್ಮನಿಗೆ ಅಳು ನಿಂತು ಸಿಟ್ಟು ಬಂತು. “ಸತ್ತ ಮ್ಯಾಲೂ ಆ ಜೋಳದ ರಗಳೆ ತಪ್ಪಲಿಲ್ಲಲ್ರೀ ನನಗ!”

“ಕತ್ತಲಾಗೋದ್ರಾಗ ಕಮಲಾಪುರ ಮುಟ್ಟಬೇಕು ವೈನಿ,” ಎಂದು ಮೈದುನ ಯಂಕಪ್ಪ ಗೊಣಗಿದ. ಅಣ್ಣನ ಮಣ್ಣು ಊರ ಹೊಲದಲ್ಲೇ ಆಗಬೇಕಿತ್ತು.

* * *

ಸರ್ಕಾರಿ ನೌಕರಿ ಮುಲ್ಕಿಗಳಿಗೇ, ಅಂದರೆ ಈ ನಾಡಿನವರಿಗೇ ಎಂಬ ಹುಕುಂ ಹೈದರಾಬಾದಿನಿಂದ ಬಂದಾಗ ಅಮೋಘಪ್ಪ ದೊಡ್ಡ ಡಾಕ್ಟರರ ಮುಂದೆ ಹೋಗಿ ನಿಂತಿದ್ದ.

“ಸಾಹೇಬ್ರ, ರೈಲಿನ್ಯಾಗ ಬರೋ ಅಕ್ಕಿ ಗೈರ್‌ಮುಲ್ಕಿ. ಕಮಲಾಪುರದ ಜೋಳ ಮುಲ್ಕಿ. ಹುಕುಂ ಪ್ರಕಾರ ಜೋಳಕ್ಕ ನೌಕ್ರಿ ಕೊಡ್ರಿ.”

ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಡಾಕ್ಟರರೂ ನಕ್ಕು, ಹಾಗೇ ಆಗಲಿ ಎಂದರು. ಅನ್ನ ಸೇರದೆ ತಟ್ಟೆ ತಳ್ಳುತ್ತಿದ್ದ ಹಳ್ಳಿಯ ರೋಗಿಗಳು ರೊಟ್ಟಿ ಮುರಿದು ತಿಂದರು. ಕಚೇರಿಯವರೆಲ್ಲ ನಕ್ಕಿದ್ದೇಕೆಂದು ಅಮೋಘಪ್ಪನಿಗೆ ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ಮನೆಯಲ್ಲಿ ಅದೇ ಹುಕುಮಿನ ವಾದ ಕೇಳಿ ಕೇಳಿ ಚಂದಮ್ಮನ ತಲೆ ಚಿಟ್ಟು ಹಿಡಿದಿತ್ತು.

* * *

ಹೆಣ ಗಾಡಿಗೇರಿತು. ಚಂದಮ್ಮ ಸೆರಗು ಸಿಗಿಸಿದಳು. “ನೀವು ನಡೀರಿ. ನಾ ದವಾಖಾನಿಗಿ ಹೋಗ್ತೀನಿ.”

ಅವಳ ಅಕ್ಕ ದುಂಡಮ್ಮ ಎದೆ ಬಡಿದುಕೊಂಡಳು. “ಗಂಡನ ಮಣ್ಣು ಬಿಟ್ಟು ರೊಟ್ಟಿ ಬಡೀತಿಯೇನ? ಮಂದಿ ಏನಂದಾರು!”

“ಮಂದಿ ಬಂದು ಬಡೀತಾರೇನು? ನೀ ಬಾ ಹಂಗಾರ.”

ದುಂಡಮ್ಮ ಗಾಡಿಯ ಕಡೆಗೆ ಹೊರಳಿದಳು.

“ಜಲ್ಮೆಲ್ಲಾ ಈತನ ಜೋಡಿ ಜಗಳಾಡಿದಾಕಿ ನಾನು. ಈಗ ಆ ಮಾಣಿಕಪ್ಪ ಪುಕ್ಕಟ ಗೆದ್ದು ಹೋಗ್ಲೇನು?”

ಗಾಡಿ ದವಾಖಾನೆಯನ್ನು ದಾಟುವಾಗ ಭಜನೆಯ ದನಿ ಅಡುಗೆಮನೆಯೊಳಗೂ ಬಂತು. ಚಂದಮ್ಮ ಹೊರಗೆ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು.

ಪಡಸಾಲೆಯಿಂದ ಮುದುಕ ರೋಗಿಯೊಬ್ಬ ಕೂಗಿದ: “ಏ, ರೊಟ್ಟಿ ಏನ್ ಚಪ್ಪಲಿ ಆಗ್ಯಾವಲ್ಲೋ! ಎಲ್ಲಿ ಸತ್ತಾನ ಆ ಅಮೋಘ್ಯಾ?”

ಬುರ್ಹಾನುದ್ದೀನ್ ನೆಲ ನೋಡಿದ. ಚಂದಮ್ಮ ಇನ್ನೊಂದು ಹಿಟ್ಟಿನುಂಡೆ ಎತ್ತಿಕೊಂಡು ಬಡಿಯತೊಡಗಿದಳು. ಒಣಹಿಟ್ಟು ಹಾರಿ ಅವಳ ಹುಬ್ಬು, ರೆಪ್ಪೆಗಳ ಮೇಲೆಲ್ಲ ಕೂತಿತು.